ಹೋಸ್ಟಿಂಗ್ ಪ್ಲಾಟ್‌ಫಾರ್ಮ್‌ಗೆ ಕ್ಲೌಡ್ ಆರಿಸುವುದು ಹೇಗೆ: ರೀಜನ್ ಎಣಿಸುವ ಮೊದಲು ಡೇಟಾಬೇಸ್ ಎಲ್ಲಿ ಅಂತ ನೋಡಿ

ಬೆಂಗಳೂರಿನಲ್ಲಿ ಪಿಜಿ ನಡೆಸುವವರನ್ನು ನೋಡಿದ್ದೀರಲ್ವಾ? ಕಟ್ಟಡ ಅವರದ್ದಲ್ಲ. ಮಾಲೀಕರಿಂದ ಲೀಸ್‌ಗೆ ತಗೊಂಡು, ರೂಮು ರೂಮಾಗಿ ಹಂಚಿ ಹುಡುಗರಿಗೆ ಬಾಡಿಗೆಗೆ ಕೊಡುತ್ತಾರೆ. ನೀರು ನಿಂತರೆ ಹುಡುಗರು ಬೈಯುವುದು ಪಿಜಿಯವರನ್ನು, ಮಾಲೀಕರನ್ನಲ್ಲ. ಯಾರೋ ಒಬ್ಬ ರಾತ್ರಿ ಗಲಾಟೆ ಮಾಡಿದರೆ ಮಾಲೀಕರು ಫೋನ್ ಮಾಡುವುದೂ ಪಿಜಿಯವರಿಗೇ. ಆ್ಯಪ್ ಹೋಸ್ಟಿಂಗ್ ಪ್ಲಾಟ್‌ಫಾರ್ಮ್ ಅಂದರೆ ಇದೇ ವ್ಯಾಪಾರ. ಗ್ರಾಹಕರು ಗಿಟ್ ಪುಶ್ ಮಾಡುತ್ತಾರೆ (ಅಂದರೆ ತಮ್ಮ ಕೋಡ್ ನಮಗೆ ಕಳಿಸುತ್ತಾರೆ), ಅವರ ಆ್ಯಪ್ ನಮ್ಮ ಹತ್ತಿರ ಓಡುತ್ತದೆ, ನಾವು ಬೇರೆಯವರ ಕ್ಲೌಡ್‌ನಲ್ಲಿ ಬಾಡಿಗೆಗೆ ಇರುತ್ತೇವೆ.

ಹಾಗಾಗಿ ಸ್ವಂತ ವೆಬ್‌ಸೈಟ್ ಇಡುವವರು ಕ್ಲೌಡ್ ನೋಡುವ ಹಾಗೆ ನಾವು ನೋಡಿದರೆ ಆಗುವುದಿಲ್ಲ. ನಾವು ಮೂರು ಜನ ಸೇರಿ ಇಂಥದ್ದೊಂದನ್ನು ಕಟ್ಟಿ, ಸಾಕಷ್ಟು ದುಡ್ಡು ಕಳೆದುಕೊಂಡು ಕಲಿತಿದ್ದೇವೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ: "ಸರ್, ಯಾರ ಹತ್ತಿರ ಜಾಸ್ತಿ ರೀಜನ್ ಇದೆ?" ರೀಜನ್ ಅಂದರೆ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗಳಿರುವ ಜಾಗ. ನಾನು ತಿರುಗಿ ಕೇಳುವುದು, ನಿಮ್ಮ ಗ್ರಾಹಕರ ಡೇಟಾಬೇಸ್ ಎಲ್ಲಿರುತ್ತದೆ ಅಂತ. ನಮ್ಮಂಥದೇ ಹೋಸ್ಟಿಂಗ್ ಕಂಪನಿ ಹೆರೋಕು ಸಾಮಾನ್ಯ ಪ್ಲಾನ್‌ಗಳಲ್ಲಿ ಅಮೆರಿಕ, ಯುರೋಪ್ ಎರಡೇ ಜಾಗ ಕೊಟ್ಟುಕೊಂಡು ವರ್ಷಗಟ್ಟಲೆ ನಡೆಯಿತು. ಜನ ಬಿಟ್ಟು ಹೋಗಲಿಲ್ಲ.

ದೂರದ ಲೆಕ್ಕ

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಗೆ ನೇರ ಗೆರೆ ಎಳೆದರೂ ಸುಮಾರು 14,000 ಕಿ.ಮೀ. ಹೋಗಿ ಬರಲು 140 ಮಿಲಿಸೆಕೆಂಡ್ ಬೇಕೇ ಬೇಕು, ಇದನ್ನು ಯಾವ ಕಂಪನಿಯೂ ಕಡಿಮೆ ಮಾಡಲು ಆಗುವುದಿಲ್ಲ. ಕೇಬಲ್ ನೇರ ಗೆರೆಯಲ್ಲಿ ಇರುವುದಿಲ್ಲವಲ್ಲ, ಹಾಗಾಗಿ ನಿಜವಾಗಿ ಪಿಂಗ್ ಮಾಡಿದರೆ (ಹೋಗಿ ಬರುವ ಹೊತ್ತು ಅಳೆದರೆ) 200 ದಾಟುತ್ತದೆ. ಒಂದು ಪೇಜ್ ತೆರೆಯಲು ಟಿಸಿಪಿಗೆ (ಕನೆಕ್ಷನ್ ತೆರೆಯುವುದಕ್ಕೆ) ಒಂದು ಸುತ್ತು, ಕನೆಕ್ಷನ್‌ಗೆ ಬೀಗ ಹಾಕುವ ಟಿಎಲ್‌ಎಸ್ 1.3 ಇದ್ದರೆ ಅದಕ್ಕೆ ಒಂದು ಸುತ್ತು, ಆಮೇಲೆ ಪೇಜ್ ಕೇಳಲು ಇನ್ನೊಂದು. ಮೂರು ಸುತ್ತಿಗೆ 600 ಮಿಲಿಸೆಕೆಂಡ್ ಹೋಯಿತು, ನಿಮ್ಮ ಕೋಡ್ ಇನ್ನೂ ಶುರುವೇ ಆಗಿಲ್ಲ.

ಇದನ್ನು ಓದಿದ ಕೂಡಲೇ ಎಲ್ಲರಿಗೂ ಹೊಳೆಯುವುದು, ಹಾಗಾದರೆ ಆ್ಯಪನ್ನೇ ಬಳಸುವವರ ಹತ್ತಿರಕ್ಕೆ ಒಯ್ಯೋಣ ಅಂತ. ನಮಗೂ ಅದೇ ಹೊಳೆಯಿತು.

ನಮ್ಮ ಗ್ರಾಹಕರೊಬ್ಬರು ಮೈಸೂರಿನಿಂದ ರೇಷ್ಮೆ ಸೀರೆ ಹೊರದೇಶಕ್ಕೆ ಮಾರುತ್ತಾರೆ. ಮೊದಮೊದಲು ಅಮೆರಿಕದ ಕನ್ನಡಿಗರೇ ಜಾಸ್ತಿ ಕೊಳ್ಳುತ್ತಿದ್ದರು, ಹಾಗಾಗಿ ಆ್ಯಪ್, ಡೇಟಾಬೇಸ್ ಎರಡೂ ವರ್ಜೀನಿಯಾದಲ್ಲಿದ್ದವು. ಆಮೇಲೆ ಸಿಂಗಪುರದಿಂದ ಆರ್ಡರ್ ಬರತೊಡಗಿತು, ಜೊತೆಗೆ ಸೈಟು ಸ್ವಲ್ಪ ನಿಧಾನ ಅಂತ ದೂರೂ ಬಂತು. ನಾವು ಜಾಣರ ಹಾಗೆ ಸಿಂಗಪುರದಲ್ಲಿ ಆ್ಯಪ್‌ನ ಇನ್ನೊಂದು ಕಾಪಿ ಓಡಿಸಿದೆವು. ಮಾರನೇ ದಿನ ಬೆಳಿಗ್ಗೆಯೇ ಫೋನ್. "ಸರಿ ಮಾಡ್ತೀವಿ ಅಂದ್ರಿ, ಈಗ ಪೇಜೇ ಬರ್ತಿಲ್ವಲ್ಲಾ?"

ಲಾಗ್ ತೆಗೆದು ನೋಡಿದರೆ ಕಥೆ ಅಲ್ಲೇ ಇತ್ತು. ಸೀರೆಯ ಪೇಜ್ ಒಂದಕ್ಕೆ ಆ್ಯಪ್ 14 ಸಲ ಡೇಟಾಬೇಸ್ ಕೇಳುತ್ತಿತ್ತು. ಸೀರೆಯ ವಿವರಕ್ಕೆ ಒಂದು, ಬಣ್ಣಗಳಿಗೆ ಒಂದು, ಸ್ಟಾಕ್‌ಗೆ ಒಂದು, ಲಾಗಿನ್ ಆದವರು ಯಾರು ಅಂತ ಒಂದು, ಹೀಗೆ ಒಂದಾದ ಮೇಲೆ ಒಂದು. ಮೊದಲು ಆ್ಯಪ್ ಮತ್ತು ಡೇಟಾಬೇಸ್ ಒಂದೇ ಕಟ್ಟಡದಲ್ಲಿ ಇದ್ದಾಗ ಪ್ರತಿ ಪ್ರಶ್ನೆಗೂ 1 ಮಿಲಿಸೆಕೆಂಡ್ ಸಾಕಾಗುತ್ತಿತ್ತು. ಈಗ ಪ್ರತಿಯೊಂದೂ ಸಿಂಗಪುರದಿಂದ ವರ್ಜೀನಿಯಾಗೆ ಹೋಗಿ ಬರಬೇಕು, ಸಲಕ್ಕೆ ಸುಮಾರು 220. ಹದಿನಾಲ್ಕರಿಂದ ಗುಣಿಸಿ ನೋಡಿ, 3 ಸೆಕೆಂಡ್ ದಾಟುತ್ತದೆ. ಮೊದಲು ಮುಕ್ಕಾಲು ಸೆಕೆಂಡಿಗೆ ಬರುತ್ತಿದ್ದ ಪೇಜನ್ನು ನಾವು ಹತ್ತಿರ ತಂದು ನಾಲ್ಕು ಪಟ್ಟು ನಿಧಾನ ಮಾಡಿದ್ದೆವು.

ಕೊನೆಗೆ ಮಾಡಿದ್ದು ಇಷ್ಟು. ಆ್ಯಪನ್ನು ವಾಪಸ್ ಡೇಟಾಬೇಸ್ ಪಕ್ಕಕ್ಕೆ ತಂದೆವು. ಮುಂದೆ ಒಂದು ಸಿಡಿಎನ್ ಇಟ್ಟೆವು, ಅಂದರೆ ಊರೂರಲ್ಲಿ ಮಷಿನ್ ಇಟ್ಟು ಬಳಸುವವರ ಹತ್ತಿರದಿಂದಲೇ ಫೈಲ್ ಕೊಡುವ ಸೇವೆ. ಟಿಎಲ್‌ಎಸ್ ಕೈಕುಲುಕುವ ಕೆಲಸ ಸಿಂಗಪುರದಲ್ಲೇ ಮುಗಿಯುತ್ತದೆ, ಸೀರೆಯ ಫೋಟೋಗಳೂ ಅಲ್ಲಿಂದಲೇ ಬರುತ್ತವೆ, ವರ್ಜೀನಿಯಾಗೆ ಮೊದಲೇ ತೆರೆದಿಟ್ಟ ಕನೆಕ್ಷನ್‌ನಲ್ಲಿ ಒಂದೇ ಒಂದು ಸುತ್ತು. ಓದುವುದೇ ಜಾಸ್ತಿ ಇರುವ ಆ್ಯಪ್ ಆದರೆ ಹತ್ತಿರದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ರೀಡ್ ರೆಪ್ಲಿಕಾ (ಓದಲು ಮಾತ್ರ ಇರುವ ನಕಲು) ಇಡಬಹುದು, ಆದರೆ ರೆಪ್ಲಿಕಾ ಸ್ವಲ್ಪ ಹಿಂದೆ ಓಡುತ್ತಿರುತ್ತದೆ. ವಿಳಾಸ ಬದಲಿಸಿ ಸೇವ್ ಒತ್ತಿದವರಿಗೆ ಪೇಜ್ ರಿಫ್ರೆಶ್ ಆದಾಗ ಹಳೇ ವಿಳಾಸವೇ ಕಂಡರೆ ಅವರು ಇನ್ನೊಂದು ಸಲ ಒತ್ತುತ್ತಾರೆ, ಆಮೇಲೆ ಸಪೋರ್ಟ್‌ಗೆ ಬರೆಯುತ್ತಾರೆ.

ಹಾಗಾಗಿ ಒಂದು ರೀಜನ್ ತೆರೆಯುವ ಮೊದಲು ಅಲ್ಲಿ ಡೇಟಾಬೇಸ್ ಇಡಲು ಏನೇನು ಸಿಗುತ್ತದೆ ನೋಡಿ. ಮ್ಯಾನೇಜ್ಡ್ ಪೋಸ್ಟ್‌ಗ್ರೆಸ್ (ಕ್ಲೌಡ್‌ನವರೇ ನೋಡಿಕೊಳ್ಳುವುದು) ಇದೆಯಾ? ಇಲ್ಲದಿದ್ದರೆ ನೀವೇ ಓಡಿಸಲು ಒಳ್ಳೆಯ ಡಿಸ್ಕ್, ಡಿಸ್ಕ್‌ನ ನಕಲು ತೆಗೆದಿಡುವ ಸ್ನ್ಯಾಪ್‌ಶಾಟ್ ಇದೆಯಾ? ಒಂದೇ ಕಂಪನಿಯ ಎಲ್ಲ ರೀಜನ್‌ಗಳಲ್ಲೂ ಎಲ್ಲವೂ ಸಿಗುವುದಿಲ್ಲ, ಹೊಸ ರೀಜನ್‌ಗಳಲ್ಲಂತೂ ಇನ್ನೂ ಕಡಿಮೆ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್ ಮುಂಬೈಗೆ ಬಂದಿದ್ದು 2016ರಲ್ಲಿ, ಹೈದರಾಬಾದಿಗೆ 2022ರಲ್ಲಿ. ಹೈದರಾಬಾದ್ ಬೇಕಾದರೆ ಖಾತೆಯಲ್ಲಿ ನೀವೇ ಆನ್ ಮಾಡಿಕೊಳ್ಳಬೇಕು. ಗೂಗಲ್ ಕ್ಲೌಡ್ ಮುಂಬೈ ಮತ್ತು ದೆಹಲಿಯಲ್ಲಿದೆ, ಮೈಕ್ರೋಸಾಫ್ಟ್‌ನ ಅಜೂರ್ ಪುಣೆ, ಚೆನ್ನೈ, ಮುಂಬೈಯಲ್ಲಿ. ನಮ್ಮ ಬೆಂಗಳೂರಿನಲ್ಲೇ ಬೇಕು ಅನ್ನುವವರಿಗೆ ಡಿಜಿಟಲ್‌ಓಷನ್ 2016ರಿಂದ ಇಲ್ಲಿದೆ.

ನೀವೇ ಅಳೆದು ನೋಡಿ

ಕಂಪನಿಗಳು ತೋರಿಸುವ ಬಣ್ಣದ ನಕ್ಷೆ ನಂಬಬೇಡಿ. ಎಲ್ಲ ಕಡೆ ಗಂಟೆ ಲೆಕ್ಕದಲ್ಲಿ ಸಣ್ಣ ಮಷಿನ್ ಬಾಡಿಗೆಗೆ ಸಿಗುತ್ತದೆ. ನಾಲ್ಕೈದು ಜಾಗದಲ್ಲಿ ಒಂದೊಂದು ತಗೊಳ್ಳಿ, ಒಂದು ವಾರ ಇಡಿ, ಕಾಫಿ ದುಡ್ಡು ಅಷ್ಟೇ. ಆಮೇಲೆ ಆಫೀಸಿನ ಒಳ್ಳೆಯ ಲೈನ್ ಬಿಟ್ಟು, ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ಡೇಟಾ, ಊರಿನಲ್ಲಿರುವ ಬಿಎಸ್‌ಎನ್‌ಎಲ್ ಲೈನ್, ಇವುಗಳಿಂದ ಪಿಂಗ್ ಮತ್ತು ಟ್ರೇಸ್‌ರೂಟ್ (ಡೇಟಾ ಯಾವ ದಾರಿಯಲ್ಲಿ ಹೋಯಿತು ಅಂತ ತೋರಿಸುವ ಕಮಾಂಡ್) ಹೊಡೆಯಿರಿ. ರಾತ್ರಿ 8ರಿಂದ 10ರ ನಡುವೆ ತಪ್ಪದೆ ಮಾಡಿ, ಎಲ್ಲರೂ ವಿಡಿಯೊ ನೋಡುವ ಹೊತ್ತು ಅದು. ದುಬೈ, ಲಂಡನ್, ನ್ಯೂಜೆರ್ಸಿಯಲ್ಲಿ ಒಬ್ಬೊಬ್ಬ ಪರಿಚಯದವರು ಇದ್ದೇ ಇರುತ್ತಾರಲ್ವಾ, ಅವರ ಮನೆಯಿಂದಲೂ ಮಾಡಿಸಿ. ಟ್ರೇಸ್‌ರೂಟ್‌ನ ಸಾಲುಗಳನ್ನು ನಿಧಾನವಾಗಿ ಓದಿ. ಒಂದು ಸಲ ಬೆಂಗಳೂರಿನ ಮನೆಯಿಂದ ಬೆಂಗಳೂರಿನದೇ ಡೇಟಾ ಸೆಂಟರ್‌ಗೆ ಹೊರಟ ಪ್ಯಾಕೆಟ್ ಮುಂಬೈ ನೋಡಿಕೊಂಡು ವಾಪಸ್ ಬಂದಿದ್ದನ್ನು ನೋಡಿ ನಕ್ಕಿದ್ದೇವೆ. ನಕ್ಷೆಯಲ್ಲಿ 20 ಕಿ.ಮೀ., ನೆಟ್‌ವರ್ಕ್‌ನಲ್ಲಿ ಎರಡು ಸಾವಿರ.

ಸಮುದ್ರದ ಕೇಬಲ್‌ಗಳ ವಿಷಯವೂ ತಲೆಯಲ್ಲಿರಲಿ. ನಮ್ಮ ದೇಶದ ಕೇಬಲ್‌ಗಳು ಹೆಚ್ಚಾಗಿ ಮುಂಬೈ ಮತ್ತು ಚೆನ್ನೈಯಲ್ಲಿ ದಡ ಹತ್ತುತ್ತವೆ. ಯುರೋಪಿಗೆ ಹೋಗುವ ದಾರಿ ಕೆಂಪು ಸಮುದ್ರ. 2024ರಲ್ಲೂ, ಮತ್ತೆ 2025ರ ಸೆಪ್ಟೆಂಬರ್‌ನಲ್ಲೂ ಅಲ್ಲಿ ಕೇಬಲ್ ತುಂಡಾಗಿ ಭಾರತದಿಂದ ಯುರೋಪಿಗೆ ಹೋಗುವ ಟ್ರಾಫಿಕ್ ಸುತ್ತು ಹಾಕಬೇಕಾಯಿತು. ಯುರೋಪಿನ ಗ್ರಾಹಕರನ್ನು ಮುಂಬೈನಿಂದಲೇ ನೋಡಿಕೊಳ್ಳೋಣ ಅಂದುಕೊಂಡವರಿಗೆ ಇದು ದೊಡ್ಡ ತಲೆನೋವು.

ಶುರುವಿಗೆ ನನ್ನ ಸಲಹೆ ಮೂರೇ ಜಾಗ: ಮುಂಬೈ, ಫ್ರಾಂಕ್‌ಫರ್ಟ್, ಅಮೆರಿಕದ ಪೂರ್ವ ಕರಾವಳಿಯ ಕಡೆ ಒಂದು. ನಾಲ್ಕನೆಯದು ಸಿಂಗಪುರ, ಅದೂ ದುಡ್ಡು ಕೊಡುವ ಗ್ರಾಹಕರು ಕೇಳಿದ ಮೇಲೆ.

ಬಿಲ್

ಮಷಿನ್‌ಗೆ ಎಷ್ಟು ಅಂತ ಎಲ್ಲರೂ ಹೋಲಿಸುತ್ತಾರೆ. ಹೋಸ್ಟಿಂಗ್ ವ್ಯಾಪಾರದಲ್ಲಿ ಮುಳುಗಿಸುವುದು ಮಷಿನ್ ಅಲ್ಲ, ಹೊರಗೆ ಹೋಗುವ ಡೇಟಾ. ಒಳಗೆ ಬರುವುದು ಹೆಚ್ಚಿನ ಕಡೆ ಫ್ರೀ, ಹೊರಗೆ ಹೋದರೆ ಜಿಬಿ ಲೆಕ್ಕ.

ಎಡಬ್ಲ್ಯುಎಸ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಫ್ರೀ. ಆಮೇಲೆ ವರ್ಜೀನಿಯಾದಿಂದ ಜಿಬಿಗೆ 9 ಸೆಂಟ್, ಮುಂಬೈನಿಂದ ಹತ್ತಿರ ಹತ್ತಿರ 11 ಸೆಂಟ್. ನಿಮ್ಮ ಗ್ರಾಹಕರೆಲ್ಲ ಸೇರಿ ತಿಂಗಳಿಗೆ 5 ಟಿಬಿ ಕಳಿಸಿದರೆ ಮುಂಬೈನಲ್ಲಿ ಡೇಟಾಕ್ಕೇ 530 ಡಾಲರ್ ದಾಟುತ್ತದೆ. ಡಿಜಿಟಲ್‌ಓಷನ್‌ನಲ್ಲಿ ಮಷಿನ್ ಜೊತೆಗೇ ಇಷ್ಟು ಟಿಬಿ ಅಂತ ಬರುತ್ತದೆ, ದಾಟಿದರೆ ಜಿಬಿಗೆ 1 ಸೆಂಟ್. ಹೆಟ್ಸ್‌ನರ್ ಜರ್ಮನಿಯಲ್ಲಿ ಸಣ್ಣ ಮಷಿನ್ ಜೊತೆಗೂ 20 ಟಿಬಿ ಕೊಡುತ್ತದೆ, ಆದರೆ ಅವರದೇ ಸಿಂಗಪುರದಲ್ಲಿ ಅಷ್ಟು ಕೊಡುವುದಿಲ್ಲ. ಕ್ಲೌಡ್‌ಫ್ಲೇರ್ ಆರ್2ನಲ್ಲಿ ಫೈಲ್ ಇಟ್ಟರೆ ಹೊರಗೆ ಹೋಗುವುದಕ್ಕೆ ಚಾರ್ಜೇ ಇಲ್ಲ, ಫೋಟೋ, ವಿಡಿಯೊ ಇಡುವವರನ್ನು ಅಲ್ಲಿಗೆ ತಳ್ಳಬಹುದು. ದರ ಬದಲಾಗುತ್ತಿರುತ್ತದೆ, ಸೈನ್ ಮಾಡುವ ದಿನ ಅವರವರ ಬೆಲೆ ಪಟ್ಟಿ ತೆಗೆದು ನೋಡಿ. ಅಂತರ ಮಾತ್ರ ಹತ್ತು ಪಟ್ಟು ಇರುತ್ತದೆ ಅನ್ನುವುದು ನೆನಪಿರಲಿ. ತಿಂಗಳಿಗೆ 500 ರೂಪಾಯಿ ಪ್ಲಾನ್‌ನಲ್ಲಿ ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್ ಅಂತ ಬರೆದು, ಕೆಳಗೆ ದುಬಾರಿ ಕ್ಲೌಡ್ ಇಟ್ಟುಕೊಂಡರೆ ಒಬ್ಬನೇ ಒಬ್ಬ ಗ್ರಾಹಕ ನಿಮ್ಮನ್ನು ಬೀದಿಗೆ ತರುತ್ತಾನೆ.

ಕಣ್ಣಿಗೆ ಬೀಳದ ಸಾಲುಗಳು ಇನ್ನೂ ಇವೆ. ನಮ್ಮ ಮೂರನೇ ತಿಂಗಳ ಬಿಲ್ ಇದ್ದಕ್ಕಿದ್ದಂತೆ ಎರಡು ಪಟ್ಟಾಯಿತು. ಗ್ರಾಹಕರು ಜಾಸ್ತಿ ಆಗಿರಲಿಲ್ಲ. ಮೂರೂ ಜನ ಕೂತು ಸಾಲು ಸಾಲಾಗಿ ಓದಿದೆವು. ಕಾರಣ ಸಿಕ್ಕಿದ್ದು ನ್ಯಾಟ್ ಗೇಟ್‌ವೇ ಅನ್ನುವ ಒಂದು ಸಾಲಿನಲ್ಲಿ. ಒಳಗಿನ ಮಷಿನ್‌ಗಳು ಇಂಟರ್‌ನೆಟ್‌ಗೆ ಹೋಗಿ ಬರುವ ಬಾಗಿಲು ಅದು. ಗ್ರಾಹಕರು ಪುಶ್ ಮಾಡಿದಾಗಲೆಲ್ಲ ನಮ್ಮ ಬಿಲ್ಡ್ ಮಷಿನ್ ಆ್ಯಪ್ ಕಟ್ಟಲು ಬೇಕಾದ ಒಂದೂವರೆ ಜಿಬಿಯ ಬೇಸ್ ಇಮೇಜನ್ನು ಹೊರಗಿನಿಂದ ಮತ್ತೆ ಮತ್ತೆ ಇಳಿಸಿಕೊಳ್ಳುತ್ತಿತ್ತು, ಅದು ಗೇಟ್‌ವೇ ದಾಟಿ ಬರುತ್ತಿತ್ತು, ಗೇಟ್‌ವೇ ಜಿಬಿಗೆ ಇಷ್ಟು ಅಂತ ತಿನ್ನುತ್ತಿತ್ತು. ಒಳಗೆ ಬರುವ ಡೇಟಾ ಫ್ರೀ ಅಂತ ನಂಬಿ ಕೂತಿದ್ದೆವು. ಡೇಟಾ ಫ್ರೀ, ಬಾಗಿಲು ಫ್ರೀ ಅಲ್ಲ. ಒಳಗೇ ಒಂದು ಇಮೇಜ್ ಕ್ಯಾಶ್ (ಇಳಿಸಿದ್ದರ ನಕಲು) ಇಟ್ಟ ಮೇಲೆ ಆ ಸಾಲು ಹೆಚ್ಚುಕಮ್ಮಿ ಮಾಯವಾಯಿತು.

ಇಂಟರ್‌ನೆಟ್‌ನಲ್ಲಿ ಮಷಿನ್‌ಗೆ ಕೊಡುವ ಐಪಿವಿ4 ವಿಳಾಸಕ್ಕೂ ಬಾಡಿಗೆ ಇದೆ. ಎಡಬ್ಲ್ಯುಎಸ್ 2024ರ ಫೆಬ್ರುವರಿಯಿಂದ ಪ್ರತಿ ಪಬ್ಲಿಕ್ ಐಪಿಗೂ ಗಂಟೆಗೆ ಅರ್ಧ ಸೆಂಟ್ ತಗೊಳ್ಳುತ್ತದೆ, ತಿಂಗಳಿಗೆ ಮೂರೂವರೆ ಡಾಲರ್ ಮೇಲೆ. ಗ್ರಾಹಕರಿಗೆ ಒಂದೊಂದು ಐಪಿ ಕೊಡುವ ಯೋಚನೆ ಇದ್ದರೆ ಈಗಲೇ ಬಿಡಿ. ಒಂದೇ ಐಪಿಯ ಹಿಂದೆ ಎಲ್ಲರನ್ನೂ ಕೂರಿಸಿ, ಡೊಮೇನ್ ಹೆಸರು ನೋಡಿ ಒಳಗೆ ಬಿಡಿ.

ದುಡ್ಡು ಕಟ್ಟುವ ದಾರಿಯನ್ನೂ ಮೊದಲೇ ನೋಡಿಕೊಳ್ಳಿ. ಆರ್‌ಬಿಐ ನಿಯಮದ ಪ್ರಕಾರ ಕಾರ್ಡಿನ ಆಟೋ ಡೆಬಿಟ್ 15,000 ರೂಪಾಯಿ ದಾಟಿದರೆ ಪ್ರತಿ ಸಲ ಒಟಿಪಿ ಬೇಕು. ಹೊರದೇಶದ ಒಬ್ಬ ಪ್ರೊವೈಡರ್ ಹತ್ತಿರ ನಮ್ಮ ಕಾರ್ಡ್ ಎರಡು ಸಲ ಫೇಲ್ ಆಯಿತು, ನೆನಪಿನ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿದ್ದವು, ಭಾನುವಾರ ಬೆಳಿಗ್ಗೆ ಮಷಿನ್‌ಗಳು ಆಫ್. ತಪ್ಪು ಅರ್ಧ ನಮ್ಮದೂ ಇತ್ತು ಬಿಡಿ. ಈಗ ರೂಪಾಯಿಯಲ್ಲಿ, ಜಿಎಸ್‌ಟಿ ಹಾಕಿ ಇನ್‌ವಾಯ್ಸ್ ಕೊಡುವವರನ್ನು ಮೊದಲು ನೋಡುತ್ತೇವೆ. ಉಳಿದವರ ಹತ್ತಿರ ಮುಂಗಡವಾಗಿ ಬ್ಯಾಲೆನ್ಸ್ ಹಾಕಿಡುತ್ತೇವೆ. ಹೊರಗಿನವರ ಬಿಲ್‌ಗೆ ರಿವರ್ಸ್ ಚಾರ್ಜ್ (ಜಿಎಸ್‌ಟಿಯನ್ನು ನಾವೇ ಕಟ್ಟುವುದು) ಬರುತ್ತದೆ, ಅದನ್ನು ನಿಮ್ಮ ಸಿಎ ಹತ್ತಿರ ಮಾತಾಡಿ.

ಬೇರೆಯವರ ಕೋಡ್ ಓಡಿಸುವ ಕಷ್ಟ

ಪಿಜಿಯ ರೂಮುಗಳ ನಡುವೆ ಪ್ಲೈವುಡ್ ಗೋಡೆ ಇಟ್ಟರೆ ಏನಾಗುತ್ತದೆ ಗೊತ್ತಲ್ವಾ. ಒಂದೇ ಮಷಿನ್‌ನಲ್ಲಿ ಆ್ಯಪ್‌ಗಳನ್ನು ಬೇರೆ ಬೇರೆ ಇಡುವ ಬರೀ ಡಾಕರ್ ಕಂಟೇನರ್‌ನಲ್ಲಿ ಗ್ರಾಹಕರನ್ನು ಅಕ್ಕಪಕ್ಕ ಕೂರಿಸುವುದು ಹಾಗೆ, ಎಲ್ಲರಿಗೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದೇ. ನಿಮ್ಮದೇ ಕಂಪನಿಯ ಆ್ಯಪ್‌ಗಳಾದರೆ ನಡೆಯುತ್ತದೆ. ಯಾರು ಬೇಕಾದರೂ ಸೈನ್ ಅಪ್ ಮಾಡಿ ಏನು ಬೇಕಾದರೂ ಓಡಿಸಬಹುದು ಅಂದಾಗ ನಡೆಯುವುದಿಲ್ಲ. ಎಡಬ್ಲ್ಯುಎಸ್ ತನ್ನ ಲ್ಯಾಂಬ್ಡಾ ಸೇವೆಗೆ ಬಳಸುವ ಫೈರ್‌ಕ್ರ್ಯಾಕರನ್ನು 2018ರಲ್ಲಿ ಓಪನ್ ಸೋರ್ಸ್ ಮಾಡಿತು. ಪ್ರತಿ ಆ್ಯಪ್‌ಗೂ ಪುಟ್ಟ ವರ್ಚುಯಲ್ ಮಷಿನ್, ಪ್ರತಿಯೊಂದಕ್ಕೂ ಸ್ವಂತ ಕರ್ನಲ್. ಹೋಸ್ಟಿಂಗ್ ಕಂಪನಿ ಫ್ಲೈ.ಐಒ ಇದನ್ನೇ ತಮ್ಮ ಸ್ವಂತ ಸರ್ವರ್‌ಗಳ ಮೇಲೆ ಓಡಿಸುತ್ತದೆ. ಆದರೆ ಫೈರ್‌ಕ್ರ್ಯಾಕರ್‌ಗೆ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುಯಲ್ ಮಷಿನ್ ಓಡಿಸುವ ಸೌಲಭ್ಯ) ಬೇಕು. ಅಂದರೆ ಬೇರ್ ಮೆಟಲ್ ಮಷಿನ್ (ಪೂರ್ತಿ ನಮಗೇ ಸಿಗುವ ನಿಜವಾದ ಸರ್ವರ್) ಬೇಕು, ಇಲ್ಲವೇ ನೆಸ್ಟೆಡ್ ವರ್ಚುಯಲೈಸೇಶನ್ (ವರ್ಚುಯಲ್ ಮಷಿನ್ ಒಳಗೆ ಇನ್ನೊಂದು) ಕೊಡುವ ಮಷಿನ್ ಬೇಕು, ಇದು ಎಲ್ಲ ಕಡೆ ಎಲ್ಲ ಮಷಿನ್‌ನಲ್ಲಿ ಸಿಗುವುದಿಲ್ಲ. ಕ್ಲೌಡ್ ಆರಿಸಿ, ಎಲ್ಲ ಕಟ್ಟಿ, ಆಮೇಲೆ ಇದು ಗೊತ್ತಾದರೆ ಮತ್ತೆ ಮೊದಲಿನಿಂದ ಶುರು. ಸಿಗದ ಕಡೆ ಗೂಗಲ್‌ನವರ ಜಿವೈಸರ್ ನೋಡಬಹುದು, ಸ್ವಲ್ಪ ನಿಧಾನ, ಆದರೆ ಕೆವಿಎಂ ಇಲ್ಲದೆಯೂ ಓಡುತ್ತದೆ.

ಫ್ರೀ ಪ್ಲಾನ್ ಇಟ್ಟರೆ ಮೊದಲು ಬರುವವರು ವಿದ್ಯಾರ್ಥಿಗಳಲ್ಲ, ಕ್ರಿಪ್ಟೊ ಮೈನಿಂಗ್‌ನವರು. ಎರಡನೆಯವರು ಬ್ಯಾಂಕಿನ ನಕಲಿ ಪೇಜ್ ಇಡುವವರು. ಹೆರೋಕು 2022ರ ನವೆಂಬರ್‌ನಲ್ಲಿ ಫ್ರೀ ಪ್ಲಾನ್ ನಿಲ್ಲಿಸುವಾಗ ಮೋಸಗಾರರನ್ನು ತಡೆಯುವುದಕ್ಕೇ ತಮ್ಮ ಎಂಜಿನಿಯರ್‌ಗಳ ಶ್ರಮ ಹೋಗುತ್ತಿದೆ ಅಂತ ಹೇಳಿತ್ತು. ನಮ್ಮ ಕಥೆ ಇನ್ನೂ ಸಣ್ಣದು. ಶುರುವಿನಲ್ಲಿ ಗ್ರಾಹಕರ ಆ್ಯಪ್‌ಗಳಿಗೆ ನಮ್ಮ ಕಂಪನಿಯ ಡೊಮೇನ್ ಕೆಳಗೇ ಸಬ್‌ಡೊಮೇನ್ ಕೊಟ್ಟಿದ್ದೆವು. ಯಾರೋ ಒಬ್ಬ ಅದರಲ್ಲಿ ನಕಲಿ ಲಾಗಿನ್ ಪೇಜ್ ಇಟ್ಟ. ಬ್ರೌಸರ್‌ಗಳಲ್ಲಿ ಕೆಂಪು ಎಚ್ಚರಿಕೆ ಬಂತು, ನಮ್ಮ ಡ್ಯಾಶ್‌ಬೋರ್ಡ್‌ಗೂ ಬಂತು, ಗ್ರಾಹಕರು ತಮ್ಮ ಖಾತೆಗೇ ಒಳಗೆ ಬರಲು ಹೆದರಿದರು. ಆದ್ದರಿಂದ ಗ್ರಾಹಕರ ಆ್ಯಪ್‌ಗಳಿಗೆ ಪೂರ್ತಿ ಬೇರೆ ಡೊಮೇನ್ ಕೊಳ್ಳಿ. ಗಿಟ್‌ಹಬ್ 2013ರಲ್ಲಿ ಪೇಜಸ್ ಸೇವೆಯನ್ನು ಬೇರೆ ಡೊಮೇನ್‌ಗೆ ಒಯ್ದಿದ್ದೂ ಇಂಥ ಕಾರಣಕ್ಕೇ. ಆ ಡೊಮೇನನ್ನು ಬ್ರೌಸರ್‌ಗಳು ನೋಡುವ ಪಬ್ಲಿಕ್ ಸಫಿಕ್ಸ್ ಲಿಸ್ಟ್‌ಗೆ ಸೇರಿಸಿ, ಆಗ ಒಬ್ಬ ಗ್ರಾಹಕನ ಕುಕೀ (ಲಾಗಿನ್ ನೆನಪಿಡುವ ಚೀಟಿ) ಇನ್ನೊಬ್ಬನ ಆ್ಯಪ್‌ಗೆ ಹೋಗುವುದಿಲ್ಲ.

ಕ್ಲೌಡ್‌ನವರ ಹತ್ತಿರ ಮೊದಲೇ ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆ ಇದು: "ನಾವು ಮರುಬಾಡಿಗೆ ಕೊಡುವವರು. ನಮ್ಮ ಗ್ರಾಹಕರೊಬ್ಬರ ಮೇಲೆ ದೂರು ಬಂದರೆ ನೀವು ಒಂದು ಮಷಿನ್ ನಿಲ್ಲಿಸುತ್ತೀರೋ, ನಮ್ಮ ಪೂರ್ತಿ ಖಾತೆ ನಿಲ್ಲಿಸುತ್ತೀರೋ? ಉತ್ತರ ಕೊಡಲು ನಮಗೆ ಎಷ್ಟು ಗಂಟೆ?" ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಹೊರಹೋಗುವ 25ನೇ ಪೋರ್ಟ್ (ಮೇಲ್, ಅದರ ಜೊತೆ ಸ್ಪ್ಯಾಮ್ ಹೊರಡುವ ಬಾಗಿಲು) ಬಹಳ ಕಡೆ ಮುಚ್ಚಿರುತ್ತದೆ, ಅದನ್ನು ತೆರೆಸಲು ಒದ್ದಾಡಬೇಡಿ. ಮುಚ್ಚಿದ್ದರೇ ನಿಮಗೆ ಒಳ್ಳೆಯದು.

ಕಾಗದದ ಕೆಲಸ ಜಾಸ್ತಿ ಇಲ್ಲ, ಆದರೆ ಬಿಡುವಂತಿಲ್ಲ. ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ಸೂಚನೆ ಕ್ಲೌಡ್, ವಿಪಿಎಸ್ (ಬಾಡಿಗೆ ವರ್ಚುಯಲ್ ಸರ್ವರ್) ಕೊಡುವವರಿಗೂ ಅನ್ವಯಿಸುತ್ತದೆ. ಹ್ಯಾಕ್‌ನಂಥ ಸೈಬರ್ ಘಟನೆ ನಡೆದರೆ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಗ್ರಾಹಕರ ಹೆಸರು ವಿಳಾಸಗಳನ್ನು ಅವರು ಬಿಟ್ಟು ಹೋದ ಮೇಲೂ 5 ವರ್ಷ ಇಡಬೇಕು. ಪಿಜಿಯವರು ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವ ಹಾಗೆ ಅಂದುಕೊಳ್ಳಿ. ಪಾವತಿ ವ್ಯವಸ್ಥೆಯ ಡೇಟಾ ಭಾರತದಲ್ಲೇ ಇರಬೇಕು ಅಂತ ಆರ್‌ಬಿಐ 2018ರಲ್ಲೇ ಹೇಳಿದೆ, ಅಂಥ ಗ್ರಾಹಕರು ಬಂದರೆ ಬ್ಯಾಕಪ್ ಕೂಡ ಮುಂಬೈನಿಂದ ಹೈದರಾಬಾದಿಗೆ ಹೋಗಬೇಕೇ ಹೊರತು ಸಿಂಗಪುರಕ್ಕಲ್ಲ. ಯುರೋಪಿನವರು ತಮ್ಮ ಡೇಟಾ ರಕ್ಷಣೆಯ ಕಾನೂನು ಜಿಡಿಪಿಆರ್ ಬಗ್ಗೆ ಕೇಳುತ್ತಾರೆ, ಫ್ರಾಂಕ್‌ಫರ್ಟ್ ಇದ್ದರೆ ಮಾತು ಬೇಗ ಮುಗಿಯುತ್ತದೆ. ಚೀನಾ ಬೇರೆಯೇ ಲೋಕ, ಸರ್ಕಾರದ ಐಸಿಪಿ ನೋಂದಣಿ ಇಲ್ಲದೆ ಅಲ್ಲಿ ಸೈಟ್ ಇಡುವಂತಿಲ್ಲ, ಸಣ್ಣ ತಂಡದವರು ಅದರ ಗೊಡವೆಗೆ ಹೋಗಬೇಡಿ.

ಬೀಳುವ ದಿನ

ಕ್ಲೌಡ್‌ನವರು 99.9 ಪರ್ಸೆಂಟ್ ಹೊತ್ತು ಓಡುತ್ತದೆ ಅಂತ ಮಾತು ಕೊಟ್ಟರೆ, ತಿಂಗಳಿಗೆ 43 ನಿಮಿಷ ಬಿದ್ದಿದ್ದರೂ ಮಾತು ಉಳಿಸಿಕೊಂಡ ಹಾಗೆ. ಮಾತು ತಪ್ಪಿದರೂ ಸಿಗುವುದು ಬಿಲ್‌ನಲ್ಲಿ ಒಂದಷ್ಟು ಕ್ರೆಡಿಟ್ ಮಾತ್ರ, ನಿಮ್ಮ ಗ್ರಾಹಕರ ನಷ್ಟ ಯಾರೂ ತುಂಬಿಕೊಡುವುದಿಲ್ಲ.

20 ಅಕ್ಟೋಬರ್ 2025ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ರೀಜನ್ ಬಿತ್ತು. ಅವರ ಡೇಟಾಬೇಸ್ ಸೇವೆ ಡೈನಮೊಡಿಬಿಯ ಡಿಎನ್‌ಎಸ್ ದಾಖಲೆಯನ್ನು (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು) ನೋಡಿಕೊಳ್ಳುವ ಎರಡು ಆಟೊಮ್ಯಾಟಿಕ್ ಪ್ರೋಗ್ರಾಂಗಳು ಒಂದರ ಕಾಲು ಇನ್ನೊಂದು ತುಳಿದು, ದಾಖಲೆಯೇ ಖಾಲಿಯಾಯಿತು. ಆ ದಿನ ನಮ್ಮಂಥವರು ಗಮನಿಸಬೇಕಾಗಿದ್ದು ಇದು: ಆಗಲೇ ಓಡುತ್ತಿದ್ದ ಮಷಿನ್‌ಗಳು ಓಡುತ್ತಲೇ ಇದ್ದವು, ಹೊಸ ಮಷಿನ್ ಮಾತ್ರ ಗಂಟೆಗಟ್ಟಲೆ ಶುರುವಾಗಲಿಲ್ಲ. ಅಂದರೆ ಲೋಡ್ ಬಂದಾಗ ತಗೊಂಡರಾಯಿತು ಅಂತ ಪೂರ್ತಿ ಆಟೋಸ್ಕೇಲಿಂಗ್ ನಂಬಿದವರು ಸಿಕ್ಕಿಬಿದ್ದರು. ಸ್ವಲ್ಪ ಖಾಲಿ ಮಷಿನ್ ಸದಾ ಇಟ್ಟುಕೊಂಡಿರಿ. ನಿಮ್ಮ ಡ್ಯಾಶ್‌ಬೋರ್ಡ್, ಬಿಲ್ಡ್, ಬಿಲ್ಲಿಂಗ್ ಎಲ್ಲ ಬಿದ್ದರೂ ಗ್ರಾಹಕರ ಆ್ಯಪ್ ಓಡುತ್ತಿರಬೇಕು, ಹಾಗೆ ಎರಡನ್ನೂ ಬೇರೆ ಮಾಡಿ ಕಟ್ಟಿ. ಸುಮ್ನೆ ಒಂದು ದಿನ ಡ್ಯಾಶ್‌ಬೋರ್ಡ್ ಮಷಿನ್‌ನ ಪ್ಲಗ್ ಎಳೆದು ನೋಡಿ, ಎಷ್ಟು ಕಡೆ ಅಂಟಿಕೊಂಡಿದೆ ಅಂತ ಗೊತ್ತಾಗುತ್ತದೆ.

ಏನು ಬಿದ್ದಿದೆ ಅಂತ ಗ್ರಾಹಕರಿಗೆ ಹೇಳುವ ಸ್ಟೇಟಸ್ ಪೇಜ್ ಬೇರೆ ಕಂಪನಿಯ ಹತ್ತಿರ ಇಡಿ. 28 ಫೆಬ್ರುವರಿ 2017ರಂದು ಒಂದು ಕಮಾಂಡ್ ತಪ್ಪಾಗಿ ಟೈಪ್ ಆಗಿ ಫೈಲ್ ಇಡುವ ಸೇವೆ ಎಸ್3 ಬಿದ್ದಾಗ ಎಡಬ್ಲ್ಯುಎಸ್‌ನವರಿಗೇ ತಮ್ಮ ಸ್ಟೇಟಸ್ ಪೇಜ್ ಬದಲಿಸಲು ಆಗಲಿಲ್ಲ, ಅದೂ ಎಸ್3ನ್ನೇ ನಂಬಿತ್ತು.

ಬ್ಯಾಕಪ್ ಕೂಡ ಬೇರೆಯವರ ಹತ್ತಿರವೇ. 10 ಮಾರ್ಚ್ 2021ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕ್ಲೌಡ್ ಕಂಪನಿ ಒವಿಎಚ್‌ನ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು, ಪಕ್ಕದ್ದಕ್ಕೂ ತಗುಲಿತು. ಬ್ಯಾಕಪ್ಪನ್ನು ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು.

ನಮ್ಮಲ್ಲಿ ಈಗ ತಿಂಗಳ ಮೊದಲ ಶನಿವಾರ ಒಂದು ಕೆಲಸ ಕಡ್ಡಾಯ. ಯಾವುದಾದರೂ ಒಂದು ಗ್ರಾಹಕರ ಡೇಟಾಬೇಸ್ ಚೀಟಿ ಎತ್ತಿ ಆರಿಸುತ್ತೇವೆ. ಅದರ ಬ್ಯಾಕಪ್ಪನ್ನು ಇನ್ನೊಂದು ಕಂಪನಿಯ ಕ್ಲೌಡ್‌ನಲ್ಲಿ, ಖಾಲಿ ಮಷಿನ್‌ನ ಮೇಲೆ ಎಬ್ಬಿಸಿ, ಆ್ಯಪ್ ಓಡಿಸಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತೇವೆ. ಮೊದಲ ಸಲ 5 ಗಂಟೆ ಹಿಡಿದಿತ್ತು, ಅದರಲ್ಲಿ ಒಂದು ಗಂಟೆ ಪಾಸ್‌ವರ್ಡ್ ಹುಡುಕುವುದಕ್ಕೇ. ಹೋದ ತಿಂಗಳು 38 ನಿಮಿಷ.